ಹಪ, ಅರೆ, ಬೆರಕೆ: ಮಿಶ್ರ ವಂಶದವರನ್ನು ಕರೆಯುವ ಹೆಸರುಗಳು ಹಾಗೂ ಮೈಸೂರು ಸೀಮೆಯ ನಂಟಿನ ಪರಿಭಾಷೆ

ಬೇರೆ ಬೇರೆ ಮೂಲದ ತಂದೆತಾಯಿಗಳಿಗೆ ಹುಟ್ಟಿದವರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಬಹುತೇಕ ಎಲ್ಲ ಸಮಾಜಗಳಲ್ಲಿಯೂ ಎದ್ದಿದೆ. ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮುಖ್ಯವಾಗಿ ಮೂರು ಬಗೆಯ ಹೆಸರುಗಳು ಕಂಡುಬರುತ್ತವೆ. ರಕ್ತವನ್ನು ಪಾಲು ಹಾಕಿ ಎಣಿಸುವ ಹೆಸರುಗಳು ಮೊದಲನೆಯ ಬಗೆ. ಹೊರಗಿನಿಂದ ಬಂದ ಒಬ್ಬರ ಕಡೆಯನ್ನು ಮಾತ್ರ ಎತ್ತಿಹಿಡಿಯುವ ಹೆಸರುಗಳು ಎರಡನೆಯ ಬಗೆ. ಮದುವೆಯಿಂದ ಏರ್ಪಟ್ಟ ನಂಟನ್ನು ಹೇಳುವ ಹೆಸರುಗಳು ಮೂರನೆಯ ಬಗೆ. ಮೊದಲಿನ ಎರಡು ಬಗೆಯವು ಜನಗಣತಿ, ಕಾನೂನು ಮತ್ತು ಆಡಳಿತದ ಕಾಗದಪತ್ರಗಳಲ್ಲಿ ನೆಲೆನಿಂತಿವೆ. ಮೂರನೆಯದು ಹೆಚ್ಚಾಗಿ ಜನಪದರ ಬಾಯಲ್ಲಿ ಉಳಿದಿದೆ. ಹವಾಯಿ ದ್ವೀಪಗಳ 'ಹಪ' ಎಂಬ ಪದವನ್ನು ಆರಂಭಬಿಂದುವಾಗಿ ಇಟ್ಟುಕೊಂಡು, ಕನ್ನಡದಲ್ಲಿ, ವಿಶೇಷವಾಗಿ ಮೈಸೂರು ಸೀಮೆಯಲ್ಲಿ, ಈ ಮೂರು ಬಗೆಯ ಹೆಸರುಗಳು ಹೇಗೆ ಕೆಲಸ ಮಾಡಿವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಪ: ನಾಣ್ಯದಿಂದ ನೆತ್ತರಿಗೆ

'ಹಪ' ಎಂಬುದು ಇಂಗ್ಲಿಷಿನ 'ಹಾಫ್' ಎಂಬ ಪದದಿಂದ ಹವಾಯಿ ಭಾಷೆಗೆ ಬಂದ ಎರವಲು ಪದ. ಆ ಭಾಷೆಯಲ್ಲಿ 'ಫ' ಧ್ವನಿಯಿಲ್ಲ. ಪದಗಳು ವ್ಯಂಜನದಲ್ಲಿ ಕೊನೆಗೊಳ್ಳುವುದೂ ಇಲ್ಲ. ಆದ್ದರಿಂದ 'ಫ'ಕಾರ 'ಪ'ಕಾರವಾಯಿತು, ಕೊನೆಯಲ್ಲಿ ಸ್ವರ ಸೇರಿಕೊಂಡಿತು. ಕನ್ನಡವು ಪರಭಾಷೆಯ ವ್ಯಂಜನಾಂತ ಪದಗಳಿಗೆ ಸ್ವರ ಸೇರಿಸಿ ತನ್ನದಾಗಿಸಿಕೊಳ್ಳುವ ಕ್ರಮವನ್ನು ಬಲ್ಲವರಿಗೆ ಈ ಬದಲಾವಣೆ ಹೊಸದೆನಿಸದು. 1820ರಲ್ಲಿ ಅಮೆರಿಕದ ಕ್ರೈಸ್ತ ಮಿಷನರಿಗಳು ಹವಾಯಿಗೆ ಬಂದು, ಆ ಭಾಷೆಗೆ ಲಿಪಿಯನ್ನು ಅಳವಡಿಸಿ, ಶಾಲೆಗಳನ್ನು ತೆರೆದರು. ಎರವಲು ಬಂದ ಪದವು 'ಅರ್ಧ'ದ ಅರ್ಥಕ್ಕೆ ಮಾತ್ರ ನಿಲ್ಲದೆ 'ಪಾಲು', 'ಅಂಶ' ಎಂಬ ವಿಶಾಲ ಅರ್ಥವನ್ನೂ ಪಡೆಯಿತು. 'ಹಪಲುವ' ಎಂದರೆ ಎರಡರಲ್ಲಿ ಒಂದು ಪಾಲು, 'ಹಪಹಾ' ಎಂದರೆ ನಾಲ್ಕರಲ್ಲಿ ಒಂದು ಪಾಲು. ಹವಾಯಿಯ ಅರಸ ಕಲಾಕೌವನ ಹೆಸರಿನಲ್ಲಿ 1883ರಲ್ಲಿ ಟಂಕಿಸಲಾದ ಅರ್ಧ ಡಾಲರ್ ಮತ್ತು ಕಾಲು ಡಾಲರ್ ನಾಣ್ಯಗಳ ಮೇಲೆ ಈ ಪದಗಳೇ ಅಚ್ಚಾಗಿವೆ.

ಇದೇ ಪದ ಮನುಷ್ಯರಿಗೂ ಅನ್ವಯವಾಯಿತು. 'ಹಪ ಹಾವೊಲೆ' ಎಂದರೆ ಭಾಗಶಃ ಬಿಳಿಯ; 'ಹಪ ಹವಾಯಿ' ಎಂದರೆ ಭಾಗಶಃ ಹವಾಯಿಯವ. ಕಬ್ಬಿನ ತೋಟಗಳ ದುಡಿಮೆಗಾಗಿ ಚೀನಾ, ಪೋರ್ಚುಗಲ್, ಜಪಾನ್, ಫಿಲಿಪೀನ್ಸ್ ಮೊದಲಾದ ಕಡೆಗಳಿಂದ ಜನ ಬಂದು ನೆಲೆಸಿದ ದ್ವೀಪಗಳಲ್ಲಿ ಮಿಶ್ರ ವಿವಾಹಗಳು ಸಾಮಾನ್ಯವಾಗಿದ್ದವು. ಅಂತಹ ಸಮಾಜದಲ್ಲಿ 'ಹಪ' ಬಹುಮಟ್ಟಿಗೆ ನಿಂದೆಯಿಲ್ಲದ, ನಿತ್ಯದ ಮಾತಾಗಿ ಬೆಳೆಯಿತು. ಆದರೆ ಪಾಲಿನ ಲೆಕ್ಕ ಕಾನೂನನ್ನು ಪ್ರವೇಶಿಸಿದಾಗ ಅದರ ಪರಿಣಾಮ ಬೇರೆಯಾಯಿತು. 1898ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಹವಾಯಿಯನ್ನು ತನ್ನಲ್ಲಿ ಸೇರಿಸಿಕೊಂಡಿತು. 1921ರಲ್ಲಿ ಜಾರಿಗೆ ಬಂದ ಹವಾಯಿ ನಿವೇಶನ ಕಾಯ್ದೆಯು ಮೂಲನಿವಾಸಿಗಳಿಗೆ ಭೂಮಿಯನ್ನು ಗುತ್ತಿಗೆಗೆ ಕೊಡುವಾಗ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹವಾಯಿ ರಕ್ತವಿರಬೇಕೆಂಬ ಷರತ್ತನ್ನು ವಿಧಿಸಿತು. ಹೀಗೆ ಅರ್ಧ ಎಂಬ ಅಳತೆಯು ಯಾರಿಗೆ ನೆಲ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ತೀರ್ಮಾನಿಸುವ ಅಳತೆಗೋಲಾಯಿತು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಪದ ದ್ವೀಪಗಳನ್ನು ದಾಟಿತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಭಾಗಶಃ ಏಷ್ಯಾ ಮೂಲದ ತರುಣರು ತಮ್ಮನ್ನು 'ಹಪ' ಎಂದು ಹೆಮ್ಮೆಯಿಂದ ಕರೆದುಕೊಳ್ಳತೊಡಗಿದರು. ಕಿಪ್ ಫುಲ್‌ಬೆಕ್ ಎಂಬ ಕಲಾವಿದರು ಇಂತಹವರ ಭಾವಚಿತ್ರಗಳನ್ನೂ ಅವರ ಸ್ವಂತ ಮಾತುಗಳನ್ನೂ ಸಂಗ್ರಹಿಸಿ 2006ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇದಕ್ಕೆ ಹವಾಯಿಯ ಮೂಲನಿವಾಸಿಗಳಲ್ಲಿ ಹಲವರು ಆಕ್ಷೇಪಣೆ ಎತ್ತಿದ್ದಾರೆ. ತಮ್ಮ ಭಾಷೆಯ ಪದವನ್ನು ತಮ್ಮ ನೆಲದ ಸಂಬಂಧದಿಂದ ಬಿಡಿಸಿಕೊಂಡು ಹೋಗಲಾಗಿದೆ ಎಂಬುದು ಅವರ ವಾದ. ಒಂದು ಹೆಸರು ಅಪಮಾನಕರವೇ ಅಲ್ಲವೇ ಎಂಬುದಷ್ಟೇ ಇಲ್ಲಿಯ ಚರ್ಚೆಯಲ್ಲ. ಅದನ್ನು ಯಾರು ಯಾರಿಗೆ ಕೊಟ್ಟರು, ಯಾರಿಂದ ತೆಗೆದುಕೊಂಡರು ಎಂಬುದೂ ವಿಚಾರಣೀಯವಾಗಿದೆ.

ಕನ್ನಡದ ಅರೆ, ಬೆರಕೆ, ಸಂಕರ

ಹಪ ಪದಕ್ಕೆ ಕನ್ನಡದಲ್ಲಿ ನೇರ ಸಂವಾದಿಯಾಗಿ 'ಅರೆ' ಇದೆ. ಅರೆಕಾಸು, ಅರೆಪಾವು ಎಂಬಲ್ಲಿ ಅದು ಶುದ್ಧ ಅಳತೆ. ಅರೆಮನಸ್ಸು, ಅರೆಬೆಂದ ಅನ್ನ, ಅರೆಹುಚ್ಚ ಎಂಬಲ್ಲಿ ಕೊರತೆಯ ಸೂಚನೆಯಿದೆ. ಆದರೂ ಈ ಪದವನ್ನೇ ಹೆಸರಿನಲ್ಲಿ ಧರಿಸಿದ ಒಂದು ನುಡಿ ಕರ್ನಾಟಕದಲ್ಲಿದೆ. ಸುಳ್ಯ ಮತ್ತು ಕೊಡಗಿನ ಗೌಡ ಸಮುದಾಯದ ಮಾತು 'ಅರೆಭಾಷೆ' ಎಂದೇ ಪ್ರಸಿದ್ಧ. ಹೆಸರು 'ಅರ್ಧ'ವೆಂದರೂ ಆಡುವವರಿಗೆ ಅದು ಪೂರ್ಣ ಭಾಷೆ. 2011ರಲ್ಲಿ ಮಡಿಕೇರಿಯಲ್ಲಿ ಅರೆಭಾಷೆಗೆಂದೇ ಪ್ರತ್ಯೇಕ ಅಕಾಡೆಮಿ ಸ್ಥಾಪನೆಯಾಯಿತು. ಕೊರತೆಯನ್ನು ಸೂಚಿಸಬಹುದಾಗಿದ್ದ ಹೆಸರು ಆಡುವವರ ಒಪ್ಪಿಗೆಯಿಂದ ಅಭಿಮಾನದ ಹೆಸರಾದುದಕ್ಕೆ ಇದು ಸ್ಪಷ್ಟ ನಿದರ್ಶನ.

ಎರಡನೆಯ ಪದ 'ಬೆರಕೆ'. ಮೈಸೂರು, ಮಂಡ್ಯ, ಚಾಮರಾಜನಗರ ಭಾಗದ ಹಳ್ಳಿಗಳಲ್ಲಿ ಹೆಂಗಸರು ಹೊಲದ ಬದುಗಳಲ್ಲಿ ತಾನಾಗಿ ಬೆಳೆದ ನಾನಾ ಬಗೆಯ ಸೊಪ್ಪುಗಳನ್ನು ಆಯ್ದು ತಂದು ಮಾಡುವ ಬೆರಕೆ ಸೊಪ್ಪಿನ ಸಾರು ರಾಗಿಮುದ್ದೆಗೆ ಒಪ್ಪುವ ಮೇಲಾದ ಅಡುಗೆ. ಯಾವ ಸೊಪ್ಪು ಯಾವುದರೊಡನೆ ಎಷ್ಟು ಕೂಡಬೇಕೆಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ ಸಾಗಿಬಂದದ್ದು. ಇಲ್ಲಿ ಬೆರಕೆಯೆಂದರೆ ರುಚಿ, ಸಮೃದ್ಧಿ. ಅದೇ ಪದಕ್ಕೆ 'ಕಲ' ಸೇರಿ 'ಕಲಬೆರಕೆ'ಯಾದರೆ ಮೋಸವೆಂಬ ಅರ್ಥ ಬರುತ್ತದೆ. ಮನುಷ್ಯರ ವಿಷಯಕ್ಕೆ ಬಂದಾಗ 'ಬೆರಕೆ'ಗೆ ಸೊಪ್ಪಿನ ಗೌರವ ಸಿಗದೆ ಕಲಬೆರಕೆಯ ಕಳಂಕವೇ ಅಂಟಿಕೊಂಡಿದೆ.

ಸಂಸ್ಕೃತದಿಂದ ಬಂದ 'ಸಂಕರ' ಪದದ ಇತಿಹಾಸವೂ ಇಂತಹುದೇ. ಧರ್ಮಶಾಸ್ತ್ರಗಳ ವರ್ಣಸಂಕರ ಪರಿಕಲ್ಪನೆಯು ಬೆರೆತ ಹುಟ್ಟನ್ನು ಸಮಾಜದ ಪತನವೆಂದು ಕಂಡಿತು. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಅನೇಕ ಜಾತಿಗಳ ಹುಟ್ಟನ್ನೇ ಇಂತಹ ಬೆರಕೆಯಿಂದ ವಿವರಿಸಲು ಯತ್ನಿಸಿತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಕೃಷಿವಿಜ್ಞಾನವು ಇದೇ ಪದವನ್ನು 'ಸಂಕರ ತಳಿ' ಎಂದು ಬಳಸಿದಾಗ ರೈತನಿಗೆ ಅದು ಇಳುವರಿಯ ಭರವಸೆಯ ಪದವಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ರೂಪಿಸಿದ ತಳಿಗಳಿಗೆ 'ಇಂಡಾಫ್' ಎಂಬ ಹೆಸರು ಬಂತು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ತಾಯಿಬೇರು, ತಂದೆಬೇರು ಎರಡನ್ನೂ ಮರೆಮಾಚದೆ ಹೇಳುವ ಈ ಹೆಸರನ್ನು ಮೈಸೂರು ಸೀಮೆಯ ರೈತರು ಯಾವ ಮುಜುಗರವೂ ಇಲ್ಲದೆ ಒಪ್ಪಿಕೊಂಡರು. ಬೀಜಕ್ಕೆ ಸಂದ ಈ ಮರ್ಯಾದೆ ಮನುಷ್ಯರಿಗೆ ಸುಲಭವಾಗಿ ಸಲ್ಲಲಿಲ್ಲವೆಂಬುದನ್ನು ಮುಂದಿನ ಉದಾಹರಣೆ ತೋರಿಸುತ್ತದೆ.

ಪರಂಗಿ, ಚಟ್ಟಕಾರ, ಆಂಗ್ಲೋ-ಇಂಡಿಯನ್

ಕರ್ನಾಟಕದಲ್ಲಿ ಹಪ ಪದದ ಚರ್ಚೆಗೆ ಹತ್ತಿರವಾದ ಚಾರಿತ್ರಿಕ ಪ್ರಸಂಗವೆಂದರೆ ಆಂಗ್ಲೋ-ಇಂಡಿಯನ್ ಸಮುದಾಯದ್ದು. ಯುರೋಪಿನವರನ್ನು ಕನ್ನಡಿಗರು 'ಪರಂಗಿ' ಎಂದು ಕರೆದರು. ಅರಬ್ಬೀ-ಪಾರಸಿ ಭಾಷೆಗಳ 'ಫರಂಗ್' ಇದರ ಮೂಲ. ಹೊರಗಿನಿಂದ ಬಂದ ಹಣ್ಣು ಪರಂಗಿಹಣ್ಣು. ಹೊರಗಿನಿಂದ ಬಂದ ರೋಗ ಪರಂಗಿಹುಣ್ಣು. ಮೈಸೂರು ಭಾಗದಲ್ಲಿ ಮಿಶ್ರತಳಿಯ ಹಸುವಿಗೂ 'ಸೀಮೆಹಸು' ಎಂಬ ಹೆಸರೇ ಸಲ್ಲುತ್ತದೆ. ಅದರಲ್ಲಿರುವ ನಾಟಿಹಸುವಿನ ಅಂಶ ಹೆಸರಿನಲ್ಲಿ ಕಾಣುವುದಿಲ್ಲ. ಹೊರಗಿನ ಅಂಶವೊಂದು ಸೇರಿದೊಡನೆ ಇಡೀ ವಸ್ತು ಹೊರಗಿನದೆಂದೇ ಎಣಿಕೆಯಾಗುವ ಈ ಕ್ರಮ ಮಿಶ್ರ ವಂಶದವರ ವಿಷಯದಲ್ಲಿಯೂ ನಡೆಯಿತು. ನೆರೆಯ ತಮಿಳು ಮತ್ತು ಮಲಯಾಳಂ ಭಾಷೆಗಳಲ್ಲಿ ಅವರಿಗೆ ಉಡುಪಿನಿಂದ ಹೆಸರು ಬಂತು: ಸಟ್ಟೈಕ್ಕಾರರ್, ಚಟ್ಟಕ್ಕಾರ್, ಅಂದರೆ ಅಂಗಿ ತೊಟ್ಟವರು. 1974ರಲ್ಲಿ ತೆರೆಕಂಡ 'ಚಟ್ಟಕ್ಕಾರಿ' ಎಂಬ ಮಲಯಾಳಂ ಚಲನಚಿತ್ರದ ನಾಯಕಿ ಇದೇ ಸಮುದಾಯದವಳು.

ಆಳುವವರ ಭಾಷೆಯಲ್ಲಿ ಹೆಸರುಗಳು ಒಂದಾದಮೇಲೊಂದು ಬದಲಾದವು. ಹಾಫ್-ಕಾಸ್ಟ್, ಈಸ್ಟ್ ಇಂಡಿಯನ್, ಇಂಡೋ-ಬ್ರಿಟನ್, ಯುರೇಷಿಯನ್ ಎಂಬ ಪದಗಳು ಬೇರೆ ಬೇರೆ ಕಾಲದಲ್ಲಿ ಬಳಕೆಯಲ್ಲಿದ್ದವು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಅವರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಕೋಶವು 'ಆಣೆ' ಎಂಬ ಪದದ ವಿವರಣೆಯಲ್ಲಿ, ಮಿಶ್ರ ವಂಶದವರಲ್ಲಿ ಕಪ್ಪು ರಕ್ತ ಎಷ್ಟು ಆಣೆಯಿದೆಯೆಂದು ಆಡಿಕೊಳ್ಳುವ ರೂಢಿಯನ್ನು ದಾಖಲಿಸಿದೆ. ರೂಪಾಯಿಗೆ ಹದಿನಾರು ಆಣೆಯ ಲೆಕ್ಕದಲ್ಲಿ ಮನುಷ್ಯನ ಹುಟ್ಟನ್ನು ಅಳೆದ ಇಲ್ಲಿಯ ರೂಢಿಗೂ, ನಾಣ್ಯದ ಮೇಲಿನ ಪದವೇ ಮನುಷ್ಯನ ಹೆಸರಾದ ಹವಾಯಿಯ ಸಂಗತಿಗೂ ಇರುವ ಸಾಮ್ಯ ಗಮನಾರ್ಹ. ಎರಡೂ ಕಡೆ ವಂಶವನ್ನು ಭಾಗಿಸಬಹುದಾದ ಮೊತ್ತವೆಂದು ಭಾವಿಸಲಾಗಿದೆ.

ಹೆಸರಿನ ಜೊತೆಗೆ ಬದುಕಿನ ಅವಕಾಶಗಳೂ ಬದಲಾದವು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದವರನ್ನು ತನ್ನ ಉನ್ನತ ಸೇವೆಗಳಿಂದ ಹೊರಗಿಟ್ಟಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲ್ವೆ, ತಂತಿ, ಸುಂಕ ಮೊದಲಾದ ಇಲಾಖೆಗಳು ಈ ಸಮುದಾಯದ ಮುಖ್ಯ ಆಶ್ರಯಗಳಾದವು. ಬೆಂಗಳೂರಿನಿಂದ ಹೊರಟ ರೈಲುಹಾದಿ ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಅದೇ ವರ್ಷ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ನೀಡಿದರು. ಬೇಸಾಯ ಮಾಡಿ ಸ್ವಾವಲಂಬಿಗಳಾಗಿ ಬದುಕಬೇಕೆಂಬ ಆಶಯದಿಂದ ಅಲ್ಲಿ ಕಟ್ಟಿದ ನೆಲೆಗೆ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರಿನಿಂದ ವೈಟ್‌ಫೀಲ್ಡ್ ಎಂಬ ಹೆಸರಾಯಿತು. ಇಂದು ಮಾಹಿತಿ ತಂತ್ರಜ್ಞಾನದ ಕೇಂದ್ರವಾಗಿರುವ ಆ ಬಡಾವಣೆಯ ಹೆಸರು ಬಿಳಿಯ ಬಣ್ಣದ್ದೆಂದು ಭಾವಿಸುವವರೇ ಹೆಚ್ಚು. ಅದು ಮಿಶ್ರ ವಂಶದವರ ನೆಲದ ಹಂಬಲದ ನೆನಪೆಂಬುದು ಮರೆತುಹೋಗಿದೆ.

1911ರವರೆಗೆ 'ಆಂಗ್ಲೋ-ಇಂಡಿಯನ್' ಎಂದರೆ ಸಾಮಾನ್ಯವಾಗಿ ಭಾರತದಲ್ಲಿ ಬಹುಕಾಲ ನೆಲೆಸಿದ್ದ ಬ್ರಿಟಿಷರು. ಆ ವರ್ಷ ಸರ್ಕಾರವು ಆ ಹೆಸರನ್ನು ಮಿಶ್ರ ವಂಶದವರಿಗೆ ಅಧಿಕೃತವಾಗಿ ಅನ್ವಯಿಸಿತು. 1935ರ ಭಾರತ ಸರ್ಕಾರದ ಕಾಯ್ದೆಯಲ್ಲಿಯೂ, ಅನಂತರ ಸಂವಿಧಾನದ 366ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿಯೂ ಅದಕ್ಕೆ ವ್ಯಾಖ್ಯೆ ದೊರೆಯಿತು. ಆ ವ್ಯಾಖ್ಯೆಯ ತಿರುಳೇನೆಂದರೆ, ವ್ಯಕ್ತಿಯ ತಂದೆ ಅಥವಾ ತಂದೆಯ ಕಡೆಯ ಗಂಡುಸಾಲಿನ ಪೂರ್ವಜನೊಬ್ಬ ಯುರೋಪ್ ಮೂಲದವನಾಗಿದ್ದು, ಆ ವ್ಯಕ್ತಿ ಭಾರತದಲ್ಲಿ ಕಾಯಂ ನೆಲೆಸಿರುವ ತಂದೆತಾಯಿಗಳಿಗೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ನೆಲೆಸಿರಬೇಕು. ಹೆಸರಿನಲ್ಲಿ 'ಇಂಡಿಯನ್' ಇದ್ದರೂ ವ್ಯಾಖ್ಯೆಯಲ್ಲಿ ಭಾರತೀಯ ತಾಯಿಯ ಪ್ರಸ್ತಾಪವಿಲ್ಲ. ಈ ಸಮುದಾಯದ ಹೆಣ್ಣುಮಗಳು ಹೊರಗಿನವನನ್ನು ಮದುವೆಯಾದರೆ ಅವಳ ಮಕ್ಕಳು ವ್ಯಾಖ್ಯೆಯ ಹೊರಗೆ ಉಳಿಯುತ್ತಾರೆ. ತಾಯಿಯ ಮನೆಯ ಗುರುತು ಉಳಿದದ್ದು ಅಡುಗೆಮನೆಯಲ್ಲಿ. ಆಂಗ್ಲೋ-ಇಂಡಿಯನ್ ಮನೆಗಳ 'ಪೆಪ್ಪರ್ ವಾಟರ್' ದಕ್ಷಿಣ ಭಾರತದ ಮೆಣಸಿನ ಸಾರಿನ ಇಂಗ್ಲಿಷ್ ಹೆಸರಲ್ಲದೆ ಬೇರೆಯಲ್ಲ.

ವ್ಯಾಖ್ಯೆಯ ಫಲ ರಾಜಕೀಯ ಪ್ರಾತಿನಿಧ್ಯದಲ್ಲಿಯೂ ಕಂಡಿತು. ಲೋಕಸಭೆಗೆ ಈ ಸಮುದಾಯದ ಇಬ್ಬರನ್ನು, ಕರ್ನಾಟಕ ವಿಧಾನಸಭೆಗೆ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ ಇತ್ತು. 104ನೆಯ ಸಂವಿಧಾನ ತಿದ್ದುಪಡಿಯ ಪರಿಣಾಮವಾಗಿ 2020ರ ಜನವರಿಯಲ್ಲಿ ಅದು ಕೊನೆಗೊಂಡಿತು. 2019ರ ಡಿಸೆಂಬರಿನಲ್ಲಿ ಸಂಸತ್ತಿನ ಚರ್ಚೆಯ ವೇಳೆ, 2011ರ ಜನಗಣತಿಯಂತೆ ದೇಶದಲ್ಲಿ ಕೇವಲ 296 ಮಂದಿ ಆಂಗ್ಲೋ-ಇಂಡಿಯನ್ನರಿದ್ದಾರೆಂದು ಸರ್ಕಾರ ತಿಳಿಸಿತು. ಸಮುದಾಯದ ಪ್ರತಿನಿಧಿಗಳು ಈ ಅಂಕಿಯನ್ನು ಬಲವಾಗಿ ಅಲ್ಲಗಳೆದರು. ಎಣಿಸುವವರ ಪಟ್ಟಿಯ ಹೆಸರಿಗೂ ಎಣಿಸಲ್ಪಡುವವರು ತಮ್ಮನ್ನು ಗುರುತಿಸಿಕೊಳ್ಳುವ ಹೆಸರಿಗೂ ನಡುವೆ ಬಿರುಕಿದ್ದರೆ ಜನರೇ ಲೆಕ್ಕದಿಂದ ಜಾರಿಹೋಗಬಹುದು ಎಂಬ ಎಚ್ಚರಿಕೆ ಈ ವಿವಾದದಲ್ಲಿದೆ.

ಭಾವ, ಅಳಿಯ, ನಾಚ್ಚಿಯಾರ್: ನಂಟಿನ ಹೆಸರುಗಳು

ಮೂರನೆಯ ಬಗೆಯ ಹೆಸರುಗಳು ಪಾಲನ್ನೂ ಎಣಿಸುವುದಿಲ್ಲ, ಒಂದೇ ಕಡೆಯನ್ನೂ ಹಿಡಿಯುವುದಿಲ್ಲ. ಕಾಸರಗೋಡಿನಿಂದ ದಕ್ಷಿಣಕ್ಕೆ ಕೇರಳದುದ್ದಕ್ಕೂ ಹರಡಿರುವ ಮಾಪಿಳ್ಳೆ ಸಮುದಾಯದ ಹೆಸರನ್ನು ಇಲ್ಲಿ ನೆನೆಯಬಹುದು. ತಮಿಳು-ಮಲಯಾಳಂಗಳಲ್ಲಿ ಆ ಪದಕ್ಕೆ ಮದುಮಗ, ಅಳಿಯ ಎಂಬ ಅರ್ಥವಿದೆ. ಕಡಲಾಚೆಯಿಂದ ಬಂದು ಇಲ್ಲಿಯ ಹೆಣ್ಣುಗಳನ್ನು ಮದುವೆಯಾದ ವರ್ತಕರನ್ನು ಅಳಿಯಂದಿರೆಂದು ಕರೆದದ್ದರಿಂದ ಈ ಹೆಸರು ಬಂತೆಂಬುದು ಪ್ರಚಲಿತ ನಿರ್ವಚನಗಳಲ್ಲಿ ಮುಖ್ಯವಾದುದು. ಮುಸ್ಲಿಮರಿಗೆ ಮಾತ್ರವಲ್ಲದೆ ಅಲ್ಲಿಯ ಕ್ರೈಸ್ತರಿಗೂ ಯೆಹೂದ್ಯರಿಗೂ ಈ ಪದ ಸಲ್ಲುತ್ತಿತ್ತು. ಅಳಿಯ ಎಂಬ ಮಾತಿನಲ್ಲಿ ಹೆಣ್ಣಿನ ಮನೆ ಅಡಗಿದೆ, ಅತ್ತೆಮಾವಂದಿರಿಲ್ಲದೆ ಅಳಿಯನಿಲ್ಲ.

ಮೈಸೂರು ಸೀಮೆಯ ಜನಪದ ಪರಂಪರೆಯಲ್ಲಿ ಇಂತಹ ನಂಟು ದೇವರ ಕಥನಗಳ ಮೂಲಕ ವ್ಯಕ್ತವಾಗಿದೆ. 1997ರವರೆಗೆ ಮೈಸೂರು ಜಿಲ್ಲೆಯಲ್ಲಿದ್ದು ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗನಾಥನನ್ನು 'ಭಾವ' ಎಂದು ಕರೆಯುತ್ತಾರೆ. ರಂಗಯ್ಯ ಕಾಡಿನಲ್ಲಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕಂಡು, ಒಲಿಸಿ, ಮದುವೆಯಾದನೆಂಬುದು ಅವರ ಹಾಡುಗಳ ಕಥೆ. ವೈಷ್ಣವ ದೇವಾಲಯದ ದೇವರು ಹೀಗೆ ಕಾಡಿನ ಕುಲದ ನಂಟನಾಗುತ್ತಾನೆ. ಭಾವನನ್ನು ಹಾಸ್ಯ ಮಾಡುವ, ಸಲಿಗೆಯಿಂದ ಬೈಯುವ ಹಕ್ಕು ಕನ್ನಡದ ಬಂಧುತ್ವದಲ್ಲಿ ಹೆಣ್ಣು ಕೊಟ್ಟವರ ಮನೆಯವರಿಗಿದೆ. ಆ ಹಕ್ಕನ್ನು ಸೋಲಿಗರು ದೇವರ ಮೇಲೂ ಚಲಾಯಿಸುತ್ತಾರೆ.

ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲಿ ಬೀಬಿ ನಾಚ್ಚಿಯಾರಳ ಕಥೆ ಇದೇ ದಾರಿಯಲ್ಲಿ ಸಾಗುತ್ತದೆ. ರಾಮಾನುಜಾಚಾರ್ಯರು ದಿಲ್ಲಿಯಿಂದ ಉತ್ಸವಮೂರ್ತಿಯನ್ನು ತಂದಾಗ, ಆ ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂಬಾಲಿಸಿ ಬಂದಳು ಎಂದು ಐತಿಹ್ಯ. 'ಬೀಬಿ' ಒಂದು ಲೋಕದ ಪದ, 'ನಾಚ್ಚಿಯಾರ್' ಇನ್ನೊಂದು ಲೋಕದ ಪದ. ಎರಡನ್ನೂ ಕಳೆದುಕೊಳ್ಳದೆ ಅವಳ ಹೆಸರು ನಿಂತಿದೆ. ಚಾಮುಂಡಿಬೆಟ್ಟದ ತಾಯಿಗೂ ನಂಜನಗೂಡಿನ ನಂಜುಂಡನಿಗೂ ಇರುವ ಒಲವು, ಅದರಿಂದ ನಂಜುಂಡನ ಮಡದಿ ದೇವೀರಿಗೂ ಚಾಮುಂಡಿಗೂ ನಡೆಯುವ ಸವತಿಜಗಳ ಮೈಸೂರಿನ ಸುತ್ತಮುತ್ತಲ ಜನಪದ ಹಾಡುಗಳ ಅಚ್ಚುಮೆಚ್ಚಿನ ವಸ್ತು. ಈ ಕಥನಗಳಲ್ಲಿ ಕುಲದ ಭೇದ ಇಲ್ಲವೆಂದಲ್ಲ. ಭೇದವನ್ನು ಸವತಿ, ಭಾವ, ಮೈದುನ ಎಂಬ ಪಾತ್ರಗಳೊಳಗೆ ತಂದು ಮಾತನಾಡಿಸಲಾಗಿದೆ.

ಈ ಪರಿಭಾಷೆಯ ಮಿತಿಗಳನ್ನೂ ಹೇಳಬೇಕು. ಇವು ದೇವರ ಕಥೆಗಳು. ದೇವರಿಗೆ ಒಪ್ಪಿದ ಮದುವೆಯನ್ನು ಊರಿನ ಹುಡುಗ ಹುಡುಗಿಯರಿಗೆ ಜನ ಒಪ್ಪಿದರೆಂದು ಇದರಿಂದ ಸಾಧಿಸಲಾಗದು. ಕಥನದ ಒತ್ತು ಮದುವೆಯ ಮೇಲಿದೆ, ಹುಟ್ಟುವ ಮಕ್ಕಳ ಮೇಲಿಲ್ಲ. ನಂಟಿನ ಹೆಸರು ಹಕ್ಕುಪತ್ರವೂ ಅಲ್ಲ. ರಂಗನಾಥನು ಭಾವನಾಗಿದ್ದರೂ ಬೆಟ್ಟದ ಕಾಡಿನ ಮೇಲೆ ಸೋಲಿಗರಿಗೆ ಸಮುದಾಯದ ಹಕ್ಕು ಸಿಕ್ಕಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ಮೂಲಕ, 2011ರಲ್ಲಿ. ಪಾಲು ಎಣಿಸುವ ಹೆಸರಿಗೆ ಕಾನೂನಿನ ಬಲವಿದೆ, ನಂಟಿನ ಹೆಸರಿಗೆ ನೆನಪಿನ ಬಲವಷ್ಟೇ ಇದೆ. ಆದರೂ ಎರಡೂ ಮನೆಗಳನ್ನು ಏಕಕಾಲಕ್ಕೆ ಕಾಣಿಸುವ ಶಕ್ತಿ ನಂಟಿನ ಹೆಸರಿಗಿದೆ. 'ಹಪ'ದಲ್ಲಿ ಅದು ಮಸುಕಾಗಿದೆ. ಸಂವಿಧಾನದ ವ್ಯಾಖ್ಯೆಯಲ್ಲಿ ಹೆಣ್ಣಿನ ಮನೆ ಕಾಣಿಸುವುದೇ ಇಲ್ಲ.

ದಾಖಲಾತಿಯ ಹೊಣೆ

ಸಮುದಾಯಗಳನ್ನು ದಾಖಲಿಸುವ ಕೆಲಸದಲ್ಲಿ ಮೈಸೂರಿಗೆ ದೀರ್ಘ ಪರಂಪರೆಯಿದೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1928ರಿಂದ 1935ರ ಅವಧಿಯಲ್ಲಿ ಪ್ರಕಟಿಸಿತು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಈ ನಗರದಲ್ಲಿದೆ. ಆ ಸಂಸ್ಥೆ 1985ರಲ್ಲಿ ಆರಂಭಿಸಿದ 'ಪೀಪಲ್ ಆಫ್ ಇಂಡಿಯಾ' ಯೋಜನೆ ದೇಶದ 4,635 ಸಮುದಾಯಗಳನ್ನು ಗುರುತಿಸಿತು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವೂ, ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯವೂ ಇಲ್ಲಿಯೇ ಇವೆ. ಇಂತಹ ಸಂಗ್ರಹಗಳನ್ನು ಬಳಸುವ ಸಂಶೋಧಕರೂ ಅವುಗಳ ಸೂಚಿಗಳನ್ನು ಸಿದ್ಧಪಡಿಸುವ ಗ್ರಂಥಪಾಲಕರೂ ಹೆಸರಿನ ಕಾಲಮಾನವನ್ನು ಗಮನಿಸಲೇಬೇಕು. 1911ಕ್ಕೆ ಮೊದಲಿನ ಗ್ರಂಥಗಳಲ್ಲಿ 'ಆಂಗ್ಲೋ-ಇಂಡಿಯನ್' ಎಂದು ಹುಡುಕಿದವರಿಗೆ ಬಹುಪಾಲು ಬ್ರಿಟಿಷ್ ಅಧಿಕಾರಿಗಳು ಸಿಗುತ್ತಾರೆ. ಮಿಶ್ರ ವಂಶದವರು 'ಯುರೇಷಿಯನ್', 'ಈಸ್ಟ್ ಇಂಡಿಯನ್' ಎಂಬ ತಲೆಬರಹಗಳ ಕೆಳಗೆ ಉಳಿದುಬಿಡುತ್ತಾರೆ. ಎಲ್ಲವನ್ನೂ ಇಂದಿನ ಒಂದೇ ಹೆಸರಿಗೆ ಸೇರಿಸಿದರೆ ಹೆಸರು ಬದಲಾದ ಚರಿತ್ರೆ ಅಳಿಸಿಹೋಗುತ್ತದೆ. ಹಳೆಯ ಹೆಸರುಗಳನ್ನು ಮಾತ್ರ ಉಳಿಸಿಕೊಂಡರೆ ಹಳೆಯ ಅವಮಾನ ಮುಂದುವರಿಯುತ್ತದೆ.

ಆದ್ದರಿಂದ ಪ್ರತಿ ಹೆಸರಿನ ಜೊತೆಗೆ ಮೂರು ವಿವರಗಳನ್ನು ದಾಖಲಿಸುವುದು ಅಗತ್ಯ: ಆ ಹೆಸರನ್ನು ಯಾರು ಬಳಸಿದರು, ಯಾವ ಕಾಲದಲ್ಲಿ ಬಳಸಿದರು, ಹಾಗೆ ಕರೆಸಿಕೊಂಡವರು ತಮ್ಮನ್ನು ಏನೆಂದು ಕರೆದುಕೊಂಡರು. ಕ್ಷೇತ್ರಕಾರ್ಯದಲ್ಲಿ ತಂದೆಯ ಕುಲವನ್ನು ಕೇಳಿ ನಮೂನೆ ತುಂಬಿಸುವ ರೂಢಿಯ ಬದಲು ತಾಯಿಯ ಮನೆ ಯಾವುದು, ಅಜ್ಜಿ ಯಾವ ಮಾತಿನಲ್ಲಿ ಹಾಡುತ್ತಿದ್ದಳು, ಹಬ್ಬದ ಅಡುಗೆ ಯಾರಿಂದ ಬಂತು ಎಂದೂ ವಿಚಾರಿಸಬೇಕು. ಅಮೆರಿಕದ ಜನಗಣತಿಯಲ್ಲಿ ಒಬ್ಬ ವ್ಯಕ್ತಿ ಒಂದಕ್ಕಿಂತ ಹೆಚ್ಚು ಮೂಲಗಳನ್ನು ಗುರುತಿಸಿಕೊಳ್ಳುವ ಅವಕಾಶ 2000ದಲ್ಲಿ ಬಂತು. ಅಲ್ಲಿ ಅನ್ಯ ಮೂಲದವರನ್ನು ಮದುವೆಯಾದ ಕನ್ನಡಿಗರ ಮಕ್ಕಳೂ ಇಂದು ಅಂತಹ ಎರಡು ಗುರುತುಗಳನ್ನು ಹಾಕಬಲ್ಲರು. ಅವರಿಗೆ ಕನ್ನಡ ಕೊಡಬಹುದಾದ ಹೆಸರು ಇನ್ನೂ ನಿಗದಿಯಾಗಿಲ್ಲ. ಅದನ್ನು ಹುಡುಕುವಾಗ ಅರೆ, ಸಂಕರಗಳ ಜೊತೆಗೆ ಬೆರಕೆ ಸೊಪ್ಪನ್ನು ಆಯುವ ತಾಯಂದಿರ ತಿಳಿವಳಿಕೆಯನ್ನೂ, ದೇವರನ್ನೇ ಭಾವನೆಂದು ಕರೆದ ಸೋಲಿಗರ ಮಾತನ್ನೂ ಗಣನೆಗೆ ತೆಗೆದುಕೊಳ್ಳುವುದು ಉಚಿತ.